ಆಧಾರ ಷಡ್ಜದ ಸ್ವಾತಂತ್ರ್ಯ: ಅಮೆರಿಕದ ಸಂಗೀತವೂ ಭೇದಾಭೇದದ ಪ್ರಶ್ನೆಯೂ

ಹಾಡು ಮೊದಲಾಗುವ ಮುನ್ನವೇ ಕೇಳಿಬರುವ, ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಉಳಿಯುವ ಆಧಾರ ಷಡ್ಜಕ್ಕೂ ಅದರ ಆಸರೆಯಲ್ಲಿ ಹುಟ್ಟಿ ಅಡಗುವ ಸ್ವರಗಳಿಗೂ ಇರುವ ಸಂಬಂಧ ಎಂಥದ್ದು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸಂಗೀತಶಾಸ್ತ್ರದ್ದೆಂದು ತೋರಿದರೂ ಅದರ ಬೇರು ವೇದಾಂತದಲ್ಲಿದೆ. ಆಧಾರ ಷಡ್ಜವೆಂದರೆ ತಂಬೂರಿಯೋ ಶ್ರುತಿಪೆಟ್ಟಿಗೆಯೋ ಎಡೆಬಿಡದೆ ಹಿಡಿದಿರುವ ಮೂಲಸ್ವರ. ಉಳಿದ ಸ್ವರಗಳಿಗೆ ಹೆಸರೂ ಸ್ಥಾನವೂ ದೊರೆಯುವುದು ಅದರಿಂದ ಅವು ಎಷ್ಟು ದೂರದಲ್ಲಿವೆ ಎಂಬುದರ ಮೇಲೆಯೇ. ಈ ಸ್ವರಗಳೆಲ್ಲ ಆ ಒಂದರ ತೋರಿಕೆಗಳು, ಕೊನೆಗೆ ಉಳಿಯುವುದು ಅದೊಂದೇ ಎನ್ನುವುದಾದರೆ ಅದು ಅದ್ವೈತದ ನೋಟವಾಗುತ್ತದೆ. ಅವು ಅದನ್ನು ಆಶ್ರಯಿಸಿವೆ, ಆದರೂ ಒಂದೊಂದೂ ಬೇರೆಯೇ, ಆ ಬೇರೆತನ ಸತ್ಯವೇ ಎನ್ನುವುದಾದರೆ ಅದು ಉಡುಪಿಯ ಮಧ್ವಾಚಾರ್ಯರ ತತ್ತ್ವವಾದದ ನೋಟ. ಇಪ್ಪತ್ತನೆಯ ಶತಮಾನದ ಅಮೆರಿಕದ ಶಾಸ್ತ್ರೀಯ ಸಂಗೀತದ ರಚನಕಾರರು ತಮ್ಮದೇ ದಾರಿಯಲ್ಲಿ ಈ ಪ್ರಶ್ನೆಯ ಎದುರು ಬಂದು ನಿಂತರೆಂಬುದೂ, ಅವರಲ್ಲಿ ಕೆಲವರು ಮುಂದೆ ಸೇರಿಕೊಂಡ ಗುರುಪರಂಪರೆ ಧಾರವಾಡ ಸೀಮೆಯ ಗಾಯನಕ್ಕೆ ದಾಯಾದಿಯೆಂಬುದೂ ಕನ್ನಡದಲ್ಲಿ ಹೆಚ್ಚು ಚರ್ಚೆಗೆ ಬರಬೇಕಾದ ಸಂಗತಿಗಳು.

ಮಂಗಳೂರಿನ ಅತ್ತಾವರದಂಥ ಕಡೆಯಿಂದ ಈ ವಿಷಯವನ್ನು ನೋಡುವುದರಲ್ಲಿ ಒಂದು ಅನುಕೂಲವಿದೆ. ಚಕ್ರಪಾಣಿ ದೇವಸ್ಥಾನವಿರುವ ಅತ್ತಾವರದಿಂದ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಗೂ ಬಲ್ಮಠದಲ್ಲಿ ಬಾಸೆಲ್ ಮಿಶನ್ನಿನವರು ಕಟ್ಟಿದ ಕ್ರೈಸ್ತ ದೇವಾಲಯಕ್ಕೂ ನಡೆದೇ ಹೋಗಬಹುದು. ಹಾಗಾಗಿ ಮೂಲಸ್ವರವನ್ನು ಬೇರೆಬೇರೆ ರೀತಿಯಲ್ಲಿ ನಡೆಸಿಕೊಳ್ಳುವ ಸಂಗೀತಗಳು ಇಲ್ಲಿ ಒಂದೇ ಊರಿನ ಕಿವಿಗೆ ಬೀಳುತ್ತವೆ. ಭಜನೆ, ದಾಸರ ಪದಗಳಲ್ಲಿ ಷಡ್ಜ ಕದಲುವುದಿಲ್ಲ. ಯಕ್ಷಗಾನದಲ್ಲಿ ಹಿಂದೆ ಪುಂಗಿ, ಅನಂತರ ಹಾರ್ಮೋನಿಯಂ, ಈಗ ವಿದ್ಯುತ್ ಶ್ರುತಿಪೆಟ್ಟಿಗೆ ಹೀಗೆ ಸಾಧನ ಬದಲಾದರೂ ಭಾಗವತರ ಬೆನ್ನಿಗೆ ಶ್ರುತಿ ಇದ್ದೇ ಇರುತ್ತದೆ. ನಾಲ್ಕು ದನಿಗಳಲ್ಲಿ ಹಾಡುವ ಕ್ರೈಸ್ತಗೀತೆಯಲ್ಲಾದರೋ ಅತ್ಯಂತ ಕೆಳಗಿನ ದನಿಯೇ ನಡೆಯತೊಡಗುತ್ತದೆ. ಅಲ್ಲಿ ಯಾವ ಸ್ವರವೂ ಸದಾ ನಿಂತಿರುವುದಿಲ್ಲ, ಎಲ್ಲ ದನಿಗಳೂ ಕೂಡಿ ಒಂದು ನಿಲುಗಡೆಯತ್ತ ಸಾಗುತ್ತವೆ. ಮೊದಲನೆಯದರಲ್ಲಿ ಸನಾತನವಾದದ್ದನ್ನೂ ಕೊನೆಯದರಲ್ಲಿ ಆದಿ ಅಂತ್ಯಗಳುಳ್ಳ ಚರಿತ್ರೆಯನ್ನೂ ಕಾಣುವ ವ್ಯಾಖ್ಯಾನ ಆಕರ್ಷಕವೇ, ಆದರೆ ಅದನ್ನು ಬಹಳ ದೂರ ಎಳೆಯುವುದು ಸರಿಯಲ್ಲ. ಹಾಡುವವರಲ್ಲಿ ಎಷ್ಟು ಮಂದಿ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಡುತ್ತಾರೆ?

ಅಮೆರಿಕದ ಸಂಗೀತದ ಆರಂಭವೂ ಕ್ರೈಸ್ತಗೀತೆಯಲ್ಲಿಯೇ. ಬಾಸ್ಟನ್ನಿನಲ್ಲಿ ಚರ್ಮ ಹದಮಾಡುವ ಕಸುಬಿನಲ್ಲಿದ್ದ ವಿಲಿಯಂ ಬಿಲಿಂಗ್ಸ್ 1770ರಲ್ಲಿ ಪ್ರಕಟಿಸಿದ ಗೀತಸಂಪುಟದಲ್ಲಿ ರಚನೆಯ ನಿಯಮಗಳನ್ನು ಪ್ರತಿಯೊಬ್ಬ ರಚನಕಾರನೂ ತಾನೇ ಕಡೆದುಕೊಳ್ಳಬೇಕೆಂದು ಸಾರಿದ. ಯುರೋಪಿನ ಶಿಕ್ಷಣವಿಲ್ಲದ ಅವನ ಹಾಡುಗಳಲ್ಲಿ ದನಿಗಳು ಒರಟಾಗಿ ಒಂದರ ಹಿಂದೊಂದು ನುಗ್ಗುತ್ತವೆ. ಮುಂದಿನ ತಲೆಮಾರಿಗೆ ಇದು ಅನಾಗರಿಕವೆಂದು ತೋರಿತು. ಲೋವೆಲ್ ಮೇಸನ್ 1822ರಲ್ಲಿ ಹೊರತಂದ ಸಂಗ್ರಹ ಹೈಡನ್, ಮೊಜಾರ್ಟರಂಥವರ ರಾಗಗಳನ್ನು ಚರ್ಚಿನ ಹಾಡಿಗೆ ಹೊಂದಿಸಿ, ಯುರೋಪಿನ ಸ್ವರಮೇಳದ ಶಾಸ್ತ್ರವೇ ಶುದ್ಧವಾದ ಶಾಸ್ತ್ರವೆಂಬ ನಂಬಿಕೆಯನ್ನು ನಾಡಿನುದ್ದಕ್ಕೂ ಹರಡಿತು. 1838ರಲ್ಲಿ ಬಾಸ್ಟನ್ನಿನ ಸರಕಾರಿ ಶಾಲೆಗಳಲ್ಲಿ ಸಂಗೀತದ ಪಾಠ ಶುರುವಾದದ್ದೂ ಅವನಿಂದಲೇ. ಇಂಡಿಯಾದ ಕರಾವಳಿಯನ್ನೂ ಹೆಸರಿಸಿ ಅನ್ಯಧರ್ಮೀಯರ ಉದ್ಧಾರಕ್ಕೆ ಕರೆಕೊಡುವ ಬಿಷಪ್ ಹೀಬರನ ಪ್ರಸಿದ್ಧ ಗೀತೆಗೆ ಮಟ್ಟು ಹಾಕಿದವನೂ ಮೇಸನ್ನೇ. ಆ ಮಟ್ಟು ಹುಟ್ಟಿದ ಹತ್ತು ವರ್ಷಗಳ ಆಸುಪಾಸಿನಲ್ಲಿ, 1834ರ ಅಕ್ಟೋಬರಿನಲ್ಲಿ, ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದಿಳಿದರು.

ದೇವರನ್ನು ಸ್ತುತಿಸುವುದಕ್ಕೆ ಒಂದು ನಿರ್ದಿಷ್ಟ ಸ್ವರವ್ಯವಸ್ಥೆ ಬೇಕೇ ಎಂಬ ಪ್ರಶ್ನೆ ಆಗ ಮಂಗಳೂರಿನಲ್ಲಿಯೂ ಎದ್ದಿತು. ಜರ್ಮನಿಯ ಮಟ್ಟುಗಳಿಗೆ ಕನ್ನಡ, ತುಳು ಮಾತುಗಳನ್ನು ಹೊಂದಿಸಿದ ಮಿಶನ್ನಿನೊಳಗೇ ಇದ್ದ ಫರ್ಡಿನೆಂಡ್ ಕಿಟ್ಟೆಲ್ 1862ರ ತನ್ನ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತೆಯನ್ನು ಕನ್ನಡದ ಛಂದಸ್ಸುಗಳಲ್ಲಿ ಬರೆದು, ನಂಬಿಕೆ ಬದಲಾದರೆ ಲಯವೂ ಬದಲಾಗಬೇಕಾಗಿಲ್ಲ ಎಂಬುದನ್ನು ಕೃತಿಯಲ್ಲಿಯೇ ತೋರಿಸಿದ. ಮೇಸನ್ ಬಾಸ್ಟನ್ನಿನಲ್ಲಿ ನಿರಾಕರಿಸಿದ್ದನ್ನು ಕಿಟ್ಟೆಲ್ ಈ ಕರಾವಳಿಯಲ್ಲಿ ಒಪ್ಪಿಕೊಂಡನೆಂದು ಹೇಳಿದರೆ ತಪ್ಪಾಗಲಾರದು. ಅಮೆರಿಕದಲ್ಲಿ ಅಂಥ ಒಪ್ಪಿಗೆಗೆ ಇನ್ನೂ ಅರ್ಧ ಶತಮಾನ ಬೇಕಾಯಿತು.

ಆ ಒಪ್ಪಿಗೆಯನ್ನು ತಾತ್ತ್ವಿಕವಾಗಿ ಕೊಟ್ಟವನು ಚಾರ್ಲ್ಸ್ ಐವ್ಸ್ (1874–1954). ಹೊಟ್ಟೆಪಾಡಿಗೆ ವಿಮೆಯ ವ್ಯವಹಾರ ನಡೆಸುತ್ತ, ಬಿಡುವಿನಲ್ಲಿ ರಚನೆ ಮಾಡುತ್ತಿದ್ದ ಐವ್ಸನಿಗೆ ಶ್ರುತಿ ತಪ್ಪಿ ಹಾಡುವ ಕಲ್ಲುಕುಟಿಗನ ಕಂಠದಲ್ಲಿಯೂ ಭಕ್ತಿಯ ಸಂಗೀತವನ್ನು ಗುರುತಿಸಬೇಕೆಂಬ ಪಾಠ ಬ್ಯಾಂಡ್ ಮಾಸ್ತರನಾಗಿದ್ದ ತಂದೆಯಿಂದ ಬಂದಿತ್ತು. ಅವನ ‘ಕಾಂಕರ್ಡ್ ಸೊನಾಟಾ’ ಎಂಬ ಪಿಯಾನೋ ಕೃತಿಯ ನಾಲ್ಕು ಭಾಗಗಳಿಗೆ ಎಮರ್ಸನ್, ಹಾಥಾರ್ನ್, ಆಲ್ಕಟ್ ಕುಟುಂಬ, ಥೋರೋ ಎಂಬ ಹೆಸರುಗಳಿವೆ. ಇವರಲ್ಲಿ ಎಮರ್ಸನ್ ಮತ್ತು ಥೋರೋ, ಚಾರ್ಲ್ಸ್ ವಿಲ್ಕಿನ್ಸ್ 1785ರಲ್ಲಿ ಇಂಗ್ಲಿಷಿಗೆ ತಂದ ಭಗವದ್ಗೀತೆಯನ್ನು ಆಸೆಯಿಂದ ಓದಿದವರು. ಎಲ್ಲ ಜೀವಗಳಲ್ಲೂ ವ್ಯಾಪಿಸಿದ ಒಂದೇ ಮಹಾ ಆತ್ಮದ ಕಲ್ಪನೆಯನ್ನು ತಮ್ಮ ಅತೀತವಾದಕ್ಕೆ, ಅಂದರೆ ಇಂದ್ರಿಯಾನುಭವವನ್ನು ಮೀರಿದ ಸತ್ಯವನ್ನು ಮನುಷ್ಯ ನೇರವಾಗಿ ಅರಿಯಬಲ್ಲ ಎಂಬ ಮತಕ್ಕೆ, ಹೊಂದಿಸಿಕೊಂಡವರು. ಹೀಗೆ ಐವ್ಸನಿಗೆ ವೇದಾಂತ ಬಂದದ್ದು ಎರಡು ಕೈ ದಾಟಿ. 1908ರ ಅವನ ‘ಉತ್ತರವಿಲ್ಲದ ಪ್ರಶ್ನೆ’ ಎಂಬ ಪುಟ್ಟ ಕೃತಿಯಲ್ಲಿ ತಂತಿವಾದ್ಯಗಳು ಅತಿ ಮೆಲ್ಲಗೆ, ಯಾವುದಕ್ಕೂ ಓಗೊಡದೆ ನುಡಿಯುತ್ತಿರುತ್ತವೆ. ಕಹಳೆಯೊಂದು ಮತ್ತೆ ಮತ್ತೆ ಅದೇ ಪ್ರಶ್ನೆಯನ್ನು ಎತ್ತುತ್ತದೆ. ಕೊಳಲುಗಳು ಉತ್ತರಿಸಲು ಹೋಗಿ, ಸಿಡಿಮಿಡಿಗೊಂಡು, ಗೇಲಿ ಮಾಡಿ ಸುಮ್ಮನಾಗುತ್ತವೆ. ಇಲ್ಲಿ ತಂತಿಗಳ ಪದರ ಆಧಾರದ ಕೆಲಸವನ್ನೇ ಮಾಡುತ್ತದೆ, ಆದರೆ ಸ್ವರಗಳೊಡನೆ ಅದಕ್ಕೆ ನಂಟಿಲ್ಲ. ಪ್ರಶ್ನೆ ಕೇಳುವ ಜೀವ ಒಂದೆಡೆ, ನಿರ್ಲಿಪ್ತವಾದ ಸತ್ಯ ಇನ್ನೊಂದೆಡೆ. ಶ್ರುತಿ ಇದೆ, ಶ್ರುತಿ ಸೇರುವುದು ಇಲ್ಲ. ಅಮೆರಿಕದ ಸಂಗೀತದಲ್ಲಿ ಇಷ್ಟು ಚಿಕ್ಕದಾದ, ಇಷ್ಟು ಪ್ರಾಮಾಣಿಕವಾದ ತತ್ತ್ವಕೃತಿ ಮತ್ತೊಂದಿರಲಾರದು.

ಜಾನ್ ಕೇಜ್ (1912–1992) ಹಿಡಿದದ್ದು ಬೇರೆ ದಾರಿ. 1946ರಲ್ಲಿ ನ್ಯೂಯಾರ್ಕಿಗೆ ಬಂದ ಅಹಮದಾಬಾದಿನ ಗೀತಾ ಸಾರಾಭಾಯಿ ಅವನಿಂದ ಪಾಶ್ಚಾತ್ಯ ರಚನಾಕ್ರಮವನ್ನು ಕಲಿತು, ಪ್ರತಿಯಾಗಿ ಭಾರತೀಯ ಸಂಗೀತವನ್ನು ಕಲಿಸಿದರು. ಮನಸ್ಸನ್ನು ಶಾಂತಗೊಳಿಸಿ ದೈವೀ ಪ್ರಭಾವಕ್ಕೆ ಅದನ್ನು ತೆರೆದಿಡುವುದೇ ಸಂಗೀತದ ಉದ್ದೇಶವೆಂದು ಅವರ ಗುರು ಹೇಳಿದ್ದನ್ನು ಕೇಳಿದ ಕೇಜ್, ತನ್ನ ಭಾವವನ್ನು ಇತರರಿಗೆ ಮುಟ್ಟಿಸುವುದೇ ರಚನೆಯ ಗುರಿಯೆಂಬ ಪಾಶ್ಚಾತ್ಯ ನಂಬಿಕೆಯನ್ನು ಕೈಬಿಟ್ಟ. ಆನಂದ ಕುಮಾರಸ್ವಾಮಿಯವರ ಬರಹಗಳಿಂದ ರಸಸಿದ್ಧಾಂತವನ್ನು ತಿಳಿದು, ಸ್ಥಾಯಿಭಾವಗಳೂ ಅವು ಒಲಿಯುವ ಶಾಂತವೂ ವಸ್ತುವಾದ ಹದಿನಾರು ಸೊನಾಟಾ, ನಾಲ್ಕು ಇಂಟರ್‌ಲ್ಯೂಡುಗಳ ಮಾಲೆಯನ್ನು 1948ರಲ್ಲಿ ಮುಗಿಸಿದ. ಅದಕ್ಕಾಗಿ ಪಿಯಾನೋದ ತಂತಿಗಳ ನಡುವೆ ತಿರುಪು, ರಬ್ಬರುಗಳನ್ನು ಸಿಕ್ಕಿಸಿ ವಾದ್ಯದ ದನಿಯನ್ನೇ ಬದಲಿಸಿದ್ದ. ಶಬ್ದ ಹೊಗದಂತೆ ಕಟ್ಟಿದ ಹಾರ್ವರ್ಡಿನ ಕೋಣೆಯೊಳಗೆ ಕುಳಿತಾಗಲೂ ತನ್ನ ದೇಹದ ಎರಡು ಸದ್ದುಗಳು ಕೇಳಿದ್ದರಿಂದ, ಸಂಪೂರ್ಣ ಮೌನವೆಂಬುದು ಇಲ್ಲವೆಂದು ಅವನು ತೀರ್ಮಾನಿಸಿದ. 1952ರ ಆಗಸ್ಟ್ 29ರಂದು ವುಡ್‌ಸ್ಟಾಕಿನಲ್ಲಿ ಡೇವಿಡ್ ಟ್ಯೂಡರ್ ಪಿಯಾನೋದ ಮುಂದೆ ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡು ಏನನ್ನೂ ನುಡಿಸದೆ ಕುಳಿತದ್ದು ಆ ತೀರ್ಮಾನದ ಫಲ.

ಕೇಜನ ನಿಲುವನ್ನು ಶೂನ್ಯವಾದವೆಂದೋ, ಅಲ್ಲಮನ ಬಯಲಿಗೆ ಸಮೀಪದ್ದೆಂದೋ ಹೇಳುವುದು ಸುಲಭ. ಸೂಕ್ಷ್ಮವಾಗಿ ನೋಡಿದರೆ ಅದು ಭೇದವಾದವೇ: ಪ್ರತಿಯೊಂದು ಶಬ್ದವೂ ತಾನು ತಾನೇ, ಅದನ್ನು ಇನ್ನೊಂದಕ್ಕೆ ಅಧೀನ ಮಾಡುವ ಹಕ್ಕು ರಚನಕಾರನಿಗಿಲ್ಲ. ಮಧ್ವಮತ ಹೇಳುವ ಐದು ಭೇದಗಳಲ್ಲಿ ಒಂದಾದ ಜಡಜಡಭೇದವನ್ನು, ಅಂದರೆ ಅಚೇತನ ವಸ್ತುಗಳು ಒಂದರಿಂದೊಂದು ಬೇರೆಯಾಗಿರುವುದನ್ನು, ಕೇಜ್ ಸಂಪೂರ್ಣವಾಗಿ ಒಪ್ಪುತ್ತಾನೆ. ಆದರೆ ಅದೇ ಮತ ಹೇಳುವ, ಮೇಲುಕೀಳಿನ ಶ್ರೇಣಿಯಾದ ತಾರತಮ್ಯವನ್ನೂ ಇನ್ನೊಂದಕ್ಕೆ ಅಧೀನವಾಗಿರುವ ಪಾರತಂತ್ರ್ಯವನ್ನೂ ತಳ್ಳಿಹಾಕುತ್ತಾನೆ. ಹೀಗೆ ತಳ್ಳಿಹಾಕುವ ಸಂಕಲ್ಪ ಯಾರದು? ಕೇಜ್ ಅನುಸರಿಸಿದ, ನಾಣ್ಯ ಚಿಮ್ಮಿ ಸ್ವರಗಳನ್ನು ಆಯುವ ಕ್ರಮವನ್ನು ರೂಪಿಸಿದವನೂ ಕರ್ತೃವೇ ಆದ್ದರಿಂದ, ಕರ್ತೃತ್ವವನ್ನು ಬಿಟ್ಟೆನೆನ್ನುವುದರಲ್ಲಿಯೂ ಒಂದು ಕರ್ತೃತ್ವ ಉಳಿದೇ ಉಳಿಯುತ್ತದೆ.

ಆಧಾರ ಷಡ್ಜವನ್ನೇ ನೇರವಾಗಿ ಹಿಡಿದವನು 1935ರಲ್ಲಿ ಐಡಾಹೋ ರಾಜ್ಯದ ಮಾರ್ಮನ್ ಕುಟುಂಬವೊಂದರಲ್ಲಿ ಹುಟ್ಟಿದ ಲಾ ಮಾಂಟ್ ಯಂಗ್. ಮರದ ಮನೆಯ ಸಂದುಗಳಲ್ಲಿ ನುಸುಳುವ ಗಾಳಿ, ವಿದ್ಯುತ್ ಪರಿವರ್ತಕಗಳ ಗುಂಯ್‌ಗುಡುವಿಕೆ ಇವು ಬಾಲ್ಯದಲ್ಲಿ ತನ್ನ ಕಿವಿಯನ್ನು ತಿದ್ದಿದವೆಂದು ಆತ ಹೇಳಿಕೊಂಡದ್ದುಂಟು. ಐವತ್ತರ ದಶಕದಲ್ಲಿ ಅಲಿ ಅಕ್ಬರ್ ಖಾನರ ಧ್ವನಿಮುದ್ರಿಕೆಯಲ್ಲಿ ಸರೋದಿಗಿಂತ ಹೆಚ್ಚಾಗಿ ಅವನನ್ನು ಸೆಳೆದದ್ದು ಅದರ ಹಿಂದಿದ್ದ ತಂಬೂರಿ. 1960ರ ಅವನ ರಚನೆಯೊಂದರಲ್ಲಿ ಎರಡೇ ಸ್ವರಗಳಿವೆ, ಅವನ್ನು ಬಹಳ ಹೊತ್ತು ಹಿಡಿದಿರಬೇಕೆಂಬ ಸೂಚನೆಯಿದೆ. ಆ ಎರಡರ ಅಂತರ ಷಡ್ಜ ಪಂಚಮಗಳದು. 1964ರಲ್ಲಿ ಅವನ ಗೆಳೆಯ ಟೆರಿ ರೈಲಿ ಐವತ್ತಮೂರು ಕಿರು ಸ್ವರಗುಚ್ಛಗಳನ್ನು ನುಡಿಸುವವರು ತಮತಮಗೆ ಬೇಕಾದಷ್ಟು ಸಲ ಮರುಕಳಿಸುತ್ತ ಮುಂದೆ ಸಾಗುವ ‘ಇನ್ ಸಿ’ ಕೃತಿಯನ್ನು ರಚಿಸಿದ. ಮಿನಿಮಲಿಸಂ, ಅಂದರೆ ಅತ್ಯಲ್ಪ ಸಾಮಗ್ರಿಯಲ್ಲಿ ಕೃತಿಯನ್ನು ಕಟ್ಟುವ ಪಂಥ, ಅಮೆರಿಕದಲ್ಲಿ ಬೇರೂರಿದ್ದು ಹೀಗೆ. 1970ರಲ್ಲಿ ಪಂಡಿತ್ ಪ್ರಾಣನಾಥರು ಅಮೆರಿಕಕ್ಕೆ ಬಂದಾಗ ಈ ಇಬ್ಬರೂ, ಆ ವೇಳೆಗೆ ತಮ್ಮ ರಂಗದಲ್ಲಿ ಹೆಸರು ಮಾಡಿದ್ದವರು, ಅವರ ಶಿಷ್ಯರಾಗಿ ಕುಳಿತು ತಂಬೂರಿ ಮೀಟಿದರು.

ಪ್ರಾಣನಾಥರು (1918–1996) ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನರ ಶಿಷ್ಯರು. ಉತ್ತರ ಪ್ರದೇಶದ ಕೈರಾನಾ ಎಂಬ ಊರಿನ ಹೆಸರಿನಿಂದ ಬಂದ ಈ ಘರಾಣೆಯ ಇನ್ನೊಬ್ಬ ಮೂಲಪುರುಷ, ವಹೀದ್ ಖಾನರ ಸಂಬಂಧಿ, ಅಬ್ದುಲ್ ಕರೀಮ್ ಖಾನರು (1872–1937). ಮಿರಜಿನಲ್ಲಿ ನೆಲೆನಿಂತು, ಮೈಸೂರು ಆಸ್ಥಾನಕ್ಕೆ ಹೋಗಿಬರುತ್ತ, ತ್ಯಾಗರಾಜರ ಕೃತಿಯೊಂದನ್ನು ಧ್ವನಿಮುದ್ರಿಸುವಷ್ಟು ದಕ್ಷಿಣಾದಿ ಸಂಗೀತಕ್ಕೆ ಹತ್ತಿರವಾದ ಖಾನ್ ಸಾಹೇಬರಿಂದ ಕುಂದಗೋಳದ ಸವಾಯಿ ಗಂಧರ್ವರು, ಅವರಿಂದ ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು ಕಲಿತರು. ಹುಬ್ಬಳ್ಳಿ ಕುಂದಗೋಳಗಳ ಗಾಯನವೂ ನ್ಯೂಯಾರ್ಕಿನ ಮಿನಿಮಲಿಸಂ ತಳೆದ ಹೊಸ ರೂಪವೂ ಹೀಗೆ ಒಂದೇ ಮನೆತನದ ಎರಡು ಕವಲುಗಳು. ಕಿರಾಣಾದ ಲಕ್ಷಣವೆಂದು ಬಲ್ಲವರು ಹೇಳುವುದು ಸ್ವರಕ್ಕೆ ಅದು ಕೊಡುವ ಪ್ರಾಧಾನ್ಯವನ್ನು: ಒಂದು ಸ್ವರದ ಮೇಲೆ ನಿಂತು, ಅದು ಶ್ರುತಿಯಲ್ಲಿ ಪೂರ್ತಿ ಕರಗುವವರೆಗೆ ಮುಂದಿನದಕ್ಕೆ ಅವಸರಪಡದೆ, ವಿಲಂಬಿತದಲ್ಲಿ ರಾಗವನ್ನು ಬಿಡಿಸುವುದು. ಸ್ವರದ ನಿಖರತೆಯ ಬಗೆಗೆ ಅಬ್ದುಲ್ ಕರೀಮ್ ಖಾನರಿಗೆ ಎಷ್ಟು ಆಸ್ಥೆಯಿತ್ತೆಂದರೆ, ಇಪ್ಪತ್ತೆರಡು ಶ್ರುತಿಗಳನ್ನು ಅಳೆಯಲು ಹೊರಟಿದ್ದ ಸಾಂಗಲಿಯ ದೇವಲರ ಸಂಶೋಧನೆಗೆ ಅವರು ತಮ್ಮ ಕಂಠವನ್ನೇ ಪ್ರಮಾಣವಾಗಿ ಒದಗಿಸಿದರು.

ಈ ನಿಖರತೆಯ ಹಿಂದೆ ಒಂದು ಗಣಿತವಿದೆ. ತಂತಿಯ ಕಂಪನಗಳು ಐದಕ್ಕೆ ನಾಲ್ಕರ ಅನುಪಾತದಲ್ಲಿದ್ದಾಗ ಹುಟ್ಟುವ ಗಾಂಧಾರ ಷಡ್ಜದೊಡನೆ ಬೆಸೆದುಕೊಳ್ಳುತ್ತದೆ. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಪಿಯಾನೋ, ಹಾರ್ಮೋನಿಯಂಗಳ ಗಾಂಧಾರ ಅದಕ್ಕಿಂತ ಅಂಥ ಒಂದು ಪಾಲಿನ ಏಳನೆಯ ಒಂದು ಭಾಗದಷ್ಟು ಏರಿರುತ್ತದೆ. ಆಕಾಶವಾಣಿ 1940ರಿಂದ ಮೂರು ದಶಕ ಹಾರ್ಮೋನಿಯಮ್ಮನ್ನು ಹೊರಗಿಟ್ಟದ್ದಕ್ಕೆ ಮುಂದಿಟ್ಟ ಕಾರಣಗಳಲ್ಲಿ ಇದೂ ಒಂದು. ಅಮೆರಿಕದಲ್ಲಿಯೂ ಹ್ಯಾರಿ ಪಾರ್ಚ್ ಸಮಪಾಲಿನ ಪದ್ಧತಿಯನ್ನು ಧಿಕ್ಕರಿಸಿ, ಸಪ್ತಕದಲ್ಲಿ ನಲವತ್ತಮೂರು ಸ್ವರಗಳಿಗಾಗಿ ತಾನೇ ವಾದ್ಯಗಳನ್ನು ಮಾಡಿಕೊಂಡ. ಯಂಗ್ ತನ್ನ ಪಿಯಾನೋವನ್ನು ಶುದ್ಧ ಅನುಪಾತಗಳಿಗೆ ಶ್ರುತಿ ಮಾಡಿ ಗಂಟೆಗಟ್ಟಲೆ ನುಡಿಸಿದ. ಇವರಿಗೆ ಅನುಪಾತ ಮನುಷ್ಯ ಮಾಡಿದ್ದಲ್ಲ, ಸೃಷ್ಟಿಯಲ್ಲಿಯೇ ಇರುವುದು. ಅದನ್ನು ಕೇಳುವುದೆಂದರೆ ಸತ್ಯವನ್ನು ಕೇಳುವುದು.

ದಾಯಾದಿಗಳ ದಾರಿ ಬೇರೆಯಾಗುವುದು ಇಲ್ಲಿಯೇ. ಸವಾಯಿ ಗಂಧರ್ವರ ಮನೆಯಲ್ಲಿ ತಂಬೂರಿ ಹಾಡಿಗೆ ಆಸರೆ. ಯಂಗನಲ್ಲಿ ಆ ಆಸರೆಯೇ ಹಾಡು. ನಾದವನ್ನು ಆಹತ, ಅನಾಹತ ಎಂದು ವಿಂಗಡಿಸಿದ ಹದಿಮೂರನೆಯ ಶತಮಾನದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಇದನ್ನು ಮೊದಲೇ ಊಹಿಸಿದ್ದನೋ ಎನ್ನಿಸುವಷ್ಟು ನೇರವಾಗಿ ಮಾತಾಡುತ್ತಾನೆ: ಯಾವ ಆಘಾತವೂ ಇಲ್ಲದೆ ಒಳಗೆ ತಾನಾಗಿ ಇರುವ ಅನಾಹತವನ್ನು ಮುನಿಗಳು ಉಪಾಸಿಸುತ್ತಾರೆ, ಅದು ಮುಕ್ತಿಯನ್ನು ಕೊಡಬಲ್ಲುದು, ಆದರೆ ಜನರನ್ನು ರಂಜಿಸಲಾರದು, ಆದ್ದರಿಂದ ಶಾಸ್ತ್ರ ಹೊರಡುವುದು ಮೀಟಿ, ಊದಿ, ಹಾಡಿ ಹುಟ್ಟಿಸುವ ಆಹತದ ಕಡೆಗೆ. ಅನಾಹತಕ್ಕೆ ಆಹತದ ರೂಪ ಕೊಟ್ಟು ಸಭೆಯ ಮುಂದಿಡುವ ಅಮೆರಿಕದ ಯತ್ನ ಈ ವಿಂಗಡಣೆಯನ್ನೇ ಅಳಿಸಿಹಾಕಲು ನೋಡಿತು. ಅದರಲ್ಲಿ ತಪಸ್ಸಿನ ಗಾಂಭೀರ್ಯವಿದೆ, ನಿಜ. ಆದರೆ ನಿರ್ಗುಣವನ್ನು ಕಿವಿಗೆ ಕೇಳಿಸುವ ವಸ್ತುವಾಗಿಸಿದ ಕೂಡಲೇ ಅದು ಗುಣವುಳ್ಳದ್ದಾಗಿ, ಇಷ್ಟು ಜೋರಿನ, ಇಷ್ಟು ಎತ್ತರದ ಒಂದು ಶಬ್ದವಾಗಿಬಿಡುತ್ತದೆ. ಮಿನಿಮಲಿಸಂ ಪಂಥದವನೇ ಆದ ಫಿಲಿಪ್ ಗ್ಲಾಸ್ ಮೊದಲಾದವರು ಈ ತೊಡಕಿಗೆ ಸಿಕ್ಕಿಕೊಳ್ಳಲಿಲ್ಲ. ಗಾಂಧೀಜಿಯ ದಕ್ಷಿಣ ಆಫ್ರಿಕದ ದಿನಗಳ ಮೇಲೆ ಗ್ಲಾಸ್ ರಚಿಸಿ 1980ರಲ್ಲಿ ರಂಗಕ್ಕೆ ಬಂದ ‘ಸತ್ಯಾಗ್ರಹ’ ಗೀತನಾಟಕ ಭಗವದ್ಗೀತೆಯ ಸಂಸ್ಕೃತ ಶ್ಲೋಕಗಳನ್ನೇ ಪಾಠವಾಗಿ ತೆಗೆದುಕೊಂಡರೂ ಅದರ ಕಾಳಜಿ ಕರ್ಮದ್ದೇ ಹೊರತು ನಾದದ್ದಲ್ಲ.

ನಾದಬ್ರಹ್ಮದ ಮಾತು ಬಂದಾಗಲೆಲ್ಲ ಅದ್ವೈತದ ಪರಿಭಾಷೆಯೇ ಮುಂದೆ ಬರುವುದು ರೂಢಿ. ಆದರೆ ಕರ್ನಾಟಕ ಸಂಗೀತದ ಪಾಠಕ್ರಮಕ್ಕೆ ತಳಹದಿ ಹಾಕಿದವರೆಂದು ಪರಂಪರೆ ನೆನೆಯುವ ಪುರಂದರದಾಸರು ವ್ಯಾಸತೀರ್ಥರ ಶಿಷ್ಯರು, ತತ್ತ್ವವಾದಿಗಳು. ಕರಾವಳಿಯ ವಾದಿರಾಜರೂ ಹಾಗೆಯೇ. ಜಗತ್ತು ಸತ್ಯ, ಭೇದ ಸತ್ಯ ಎಂದು ನಂಬಿದವರ ಬಾಯಲ್ಲಿ ಈ ಸಂಗೀತ ಬೆಳೆಯಿತೆಂಬುದನ್ನು ನೆನಪಿಟ್ಟರೆ ಆಧಾರ ಷಡ್ಜದ ಅರ್ಥವೂ ಬದಲಾಗುತ್ತದೆ. ಮಧ್ವರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಭಾಗಿಸುತ್ತಾರೆ: ತನ್ನ ಇರವಿಗೂ ನಡೆಗೂ ಇನ್ನೊಂದನ್ನು ಬೇಡದ ವಿಷ್ಣು ಒಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಅವನಧೀನ, ಆದರೆ ಸುಳ್ಳಲ್ಲ. ಷಡ್ಜಕ್ಕೂ ಸ್ವರಗಳಿಗೂ ಇರುವ ಸಂಬಂಧ ಇದಕ್ಕೆ ಹೊಂದುವಷ್ಟು ಅದ್ವೈತದ ವಿವರ್ತಕ್ಕೆ, ಅಂದರೆ ಹಗ್ಗದಲ್ಲಿ ಹಾವು ಕಂಡಂತೆ ಇಲ್ಲದ್ದು ತೋರುವುದಕ್ಕೆ, ಹೊಂದುವುದಿಲ್ಲ. ತೋಡಿ ರಾಗದ ಗಾಂಧಾರ ತೋರಿಕೆಯಲ್ಲ. ಷಡ್ಜ ನಿಂತುಹೋದರೆ ಅದು ಗಾಂಧಾರವಾಗಿ ಉಳಿಯಲಾರದು ಎಂಬುದು ಅದರ ಪಾರತಂತ್ರ್ಯ, ಷಡ್ಜ ಇದ್ದೂ ಅದು ಷಡ್ಜವಾಗುವುದಿಲ್ಲ ಎಂಬುದು ಅದರ ಸತ್ಯತ್ವ. ಹಾಡುವವನ ಸ್ಥಿತಿಯೂ ಅದೇ. ಜೀವನಿಗೆ ಕರ್ತೃತ್ವವಿದೆ, ಆದರೆ ಅದು ಪರಾಧೀನ ಎನ್ನುವ ಮತಕ್ಕೆ ಶ್ರುತಿಯ ಹಿಡಿತದಲ್ಲಿದ್ದುಕೊಂಡೇ ಆಲಾಪವನ್ನು ತನ್ನ ಇಚ್ಛೆಯಂತೆ ಬೆಳೆಸುವ ಗಾಯಕನಿಗಿಂತ ಒಳ್ಳೆಯ ದೃಷ್ಟಾಂತ ಸಿಗಲಾರದು. ಕೇಜನಂತೆ ಇಚ್ಛೆಯನ್ನು ನಾಣ್ಯಕ್ಕೆ ಒಪ್ಪಿಸುವ ಅಗತ್ಯ ಅವನಿಗಿಲ್ಲ.

ಆಕ್ಷೇಪವೊಂದು ಉಳಿಯುತ್ತದೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ಷಡ್ಜವನ್ನು ಮೀಟಿದರೆ, ತಂತಿಗೂ ಕುದುರೆಗೂ ನಡುವೆ ಸಿಕ್ಕಿಸಿದ ಜೀವಾಳದ ನೂಲಿನಿಂದಾಗಿ, ಯಾರೂ ಮೀಟದ ಗಾಂಧಾರವೊಂದು ಅದರೊಳಗಿನಿಂದ ಕೇಳಿಬರುತ್ತದೆ. ಗಾಂಧಾರ ಷಡ್ಜದ ಹೊಟ್ಟೆಯಲ್ಲಿಯೇ ಇದ್ದ ಮೇಲೆ ಭೇದವೆಲ್ಲಿ ಎಂದು ಅಭೇದವಾದಿ ಕೇಳಬಹುದು. ಇದಕ್ಕೆ ಉತ್ತರ ತತ್ತ್ವವಾದದ ‘ವಿಶೇಷ’ ಎಂಬ ಪರಿಕಲ್ಪನೆಯಲ್ಲಿದೆ: ಒಂದೇ ವಸ್ತುವಿನೊಳಗೆ ಭೇದವಿಲ್ಲದಿದ್ದರೂ ಭೇದವಿರುವಂತೆ ವ್ಯವಹರಿಸಲು ಅನುವಾಗುವ, ವಸ್ತುವಿನ ಸ್ವರೂಪವೇ ಆದ ಶಕ್ತಿ ಅದು, ದೇವರೂ ದೇವರ ಗುಣಗಳೂ ಒಂದೇ ಆಗಿದ್ದು ಬೇರೆಬೇರೆಯಾಗಿ ಹೇಳಿಸಿಕೊಳ್ಳುವುದು ಅದರಿಂದ. ತಂಬೂರಿಯೊಳಗೆ ಮೂಡುವ ಸ್ವಯಂಭೂ ಗಾಂಧಾರ ಷಡ್ಜದ ವಿಶೇಷ. ಗಾಯಕ ಹಾಡುವ ಗಾಂಧಾರ ಷಡ್ಜದಿಂದ ಭಿನ್ನ. ಎರಡೂ ಒಂದಕ್ಕೊಂದು ತಾಗಿ ಸ್ಪಂದಿಸಿದಾಗ ಹಾಡು ಶ್ರುತಿ ಸೇರಿತೆನ್ನುತ್ತಾರೆ, ಒಂದಾಯಿತೆನ್ನುವುದಿಲ್ಲ.

ನ್ಯೂಯಾರ್ಕಿನ ಚರ್ಚ್ ಸ್ಟ್ರೀಟಿನ ಮನೆಯೊಂದರಲ್ಲಿ ಯಂಗ್ ಮತ್ತು ಅವನ ಪತ್ನಿ ಮೇರಿಯನ್ ಜಜೀಲಾ 1993ರಲ್ಲಿ ಸಿದ್ಧಪಡಿಸಿದ ‘ಡ್ರೀಮ್ ಹೌಸ್’ನಲ್ಲಿ ಜೀವಾಳದ ನೂಲಿಲ್ಲ, ಯಂತ್ರಗಳು ಹೊರಡಿಸುವ ನಿರ್ದಿಷ್ಟ ಅನುಪಾತಗಳ ಸರಳ ಸ್ವರಗಳು ಏರಿಳಿತವಿಲ್ಲದೆ ಕೋಣೆಯನ್ನು ತುಂಬಿರುತ್ತವೆ. ಅಲೆಗಳು ಗೋಡೆಗೆ ತಾಗಿ ಮರಳುವಾಗ ಒಂದೆಡೆ ಒಂದು ಸ್ವರ ಬಲಗೊಂಡು, ಒಂದಡಿ ಆಚೆಗೆ ಇನ್ನೊಂದು ಅಡಗುವುದರಿಂದ, ಕೇಳುಗ ತಲೆಯನ್ನು ತುಸು ವಾಲಿಸಿದರೂ ಸಂಗೀತ ಬದಲಾಗುತ್ತದೆ. ಅಕ್ಕಪಕ್ಕದಲ್ಲಿ ನಿಂತ ಇಬ್ಬರಿಗೆ ಒಂದೇ ಸ್ವರಮೇಳ ಕೇಳಿಸುವುದಿಲ್ಲ. ಒಂದನ್ನೇ ನಿಲ್ಲಿಸಲು ಹೊರಟ ರಚನೆಯಲ್ಲಿ ಭೇದ ಕೇಳುವವರ ಕಡೆಯಿಂದ ಒಳಗೆ ಬಂದಿತು. ತತ್ತ್ವವಾದಿಗಳು ಇದನ್ನು ಜೀವಜೀವಭೇದವೆನ್ನುವರು. ಕದಲಿದ್ದು ಕೇಳುಗನಷ್ಟೇ, ನಾದ ಕದಲಲಿಲ್ಲ, ಆದ್ದರಿಂದ ಭೇದ ಉಪಾಧಿಯದು, ಅಂದರೆ ಹೊರಗಿನ ನಿಮಿತ್ತದ್ದು, ಎಂದು ಅದ್ವೈತಿಗಳು ಮರುನುಡಿಯುವರು. ಕೋಣೆಯ ಗೋಡೆಯೂ ಕೇಳುಗನ ಕಿವಿಯೂ ಇಲ್ಲದೆ ಆ ನಾದ ಹೇಗಿದ್ದೀತೆಂದು ತೋರಿಸುವ ಹೊಣೆ ಆಗ ಅವರ ಮೇಲೆ ಬೀಳುತ್ತದೆ.